ಶೃಂಗೇರಿಯ ಕಾಡು, ಹೊಂಬುಜದ ಪುಸ್ತಕ

ಕೊಪ್ಪದಲ್ಲಿ ನಾನು ಗಣಿತ ಕಲಿಸುತ್ತಿದ್ದ ಕಾಲದಲ್ಲಿ, ಪರಿಚಯದ ತೋಟದ ಯಜಮಾನರೊಬ್ಬರು ನನ್ನ ಮುಂದೆ ಒಂದು ಸಮಸ್ಯೆಯನ್ನಿಟ್ಟರು. ಅವರಲ್ಲಿ 1711 ಅಡಕೆ ಸಸಿಗಳಿದ್ದವು. ಒಂದೂ ಮಿಗದಂತೆ, ಸಾಲು ಸಾಲಿಗೂ ಸಮನಾಗಿ ನೆಡಬಹುದೆ? ಇದರಿಂದ ಫಸಲೇನೂ ಹೆಚ್ಚದು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಜಗಲಿಯ ಮೇಲೆ ಕುಳಿತವರಿಗೆ ಇಂಥ ಪ್ರಶ್ನೆಗಳು ಹುಟ್ಟುವುದುಂಟು.

ಅವರು ಕೇಳಿದ್ದು 1711ರ ಅಪವರ್ತನಗಳನ್ನು. ಅದು ಅವಿಭಾಜ್ಯ ಸಂಖ್ಯೆಯಾಗಿದ್ದರೆ ಒಂದೇ ಉದ್ದನೆಯ ಸಾಲಲ್ಲದೆ ಬೇರೆ ದಾರಿಯಿಲ್ಲ. ಪರೀಕ್ಷೆಗೆ 41ರವರೆಗಿನ ಅವಿಭಾಜ್ಯಗಳು ಸಾಕು. ಮುಂದಿನದಾದ 43ರ ವರ್ಗವೇ 1849. ಅಷ್ಟು ದೊಡ್ಡ ಅಪವರ್ತನವಿದ್ದರೆ ಅದರ ಜೊತೆಯ ಚಿಕ್ಕದು ಮೊದಲೇ ಸಿಕ್ಕಿರಬೇಕು. 2ರಿಂದ 23ರವರೆಗೆ ಯಾವುದೂ ಹೊಂದಲಿಲ್ಲ. 29ರ ಸರದಿ ಬಂದಾಗ ನಾನು ಭಾಗಿಸಲಿಲ್ಲ. ಕೊನೆಯ ಅಂಕೆ 1ನ್ನು ತೆಗೆದು, ಮೂರರಿಂದ ಗುಣಿಸಿ, ಉಳಿದ 171ಕ್ಕೆ ಕೂಡಿಸಿದೆ: 174. ಮತ್ತೆ 4ನ್ನು ತೆಗೆದು, ಮೂರರಿಂದ ಗುಣಿಸಿ, 17ಕ್ಕೆ ಕೂಡಿಸಿದೆ: 29. ಅಂದಮೇಲೆ 29 ಸಾಲು, ಸಾಲಿಗೆ 59 ಸಸಿ. "ಇದು ವೇದಗಣಿತ, ನಮ್ಮ ಶೃಂಗೇರಿಯ ಕಾಡಿನಲ್ಲೇ ದೊರೆತದ್ದು" ಎಂದು ಹೆಮ್ಮೆಯಿಂದ ಹೇಳಿದೆ. ಮರುದಿನ ತರಗತಿಯಲ್ಲಿಯೂ ಅದನ್ನೇ ಹೇಳಿದಾಗ ಹುಡುಗಿಯೊಬ್ಬಳು ಎದ್ದು ನಿಂತು, "ವೇದದಲ್ಲಿ ಎಲ್ಲಿದೆ, ಸಾರ್?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಈ ವಿಧಾನವನ್ನು ಜನಪ್ರಿಯಗೊಳಿಸಿದವರು ಭಾರತೀ ಕೃಷ್ಣ ತೀರ್ಥರು (1884-1960). ಅವರು ಶೃಂಗೇರಿಯಲ್ಲಿ ವೇದಾಂತವನ್ನು ಅಭ್ಯಸಿಸಿ, 1925ರಲ್ಲಿ ಪುರಿಯ ಗೋವರ್ಧನ ಪೀಠವನ್ನೇರಿದರು. ಶೃಂಗೇರಿಯ ಸುತ್ತಲಿನ ಅರಣ್ಯದಲ್ಲಿ ಎಂಟು ವರ್ಷಗಳ ಏಕಾಂತಸಾಧನೆಯಿಂದ ಅವರಿಗೆ ಹದಿನಾರು ಸೂತ್ರಗಳು ಲಭಿಸಿದವೆಂದು ಶಿಷ್ಯೆಯೊಬ್ಬರು ಬರೆದಿದ್ದಾರೆ. ಪುಸ್ತಕವು 1965ರಲ್ಲಿ, ಅವರ ಕಾಲಾನಂತರ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ಹುಡುಗಿಯ ಪ್ರಶ್ನೆಗೆ ಉತ್ತರ ಆ ಪುಸ್ತಕದ ಮೊದಲ ಪುಟಗಳಲ್ಲೇ ಇತ್ತು. ನಾನು ಓದದೆ ದಾಟಿದ್ದೆ. ಈ ಸೂತ್ರಗಳು ಅಥರ್ವವೇದದ ಗೊತ್ತಿರುವ ಪರಿಶಿಷ್ಟಗಳಲ್ಲಿ ಇಲ್ಲವೆಂದೂ, ಭಾಷೆಯನ್ನು ನೋಡಿದರೆ ಸ್ವಾಮಿಗಳೇ ಕಂಡುಕೊಂಡವೆಂದು ತೋರುವುದೆಂದೂ ಸಂಪಾದಕರಾದ ವಾಸುದೇವ ಶರಣ ಅಗ್ರವಾಲರು ಸ್ಪಷ್ಟವಾಗಿ ಬರೆದಿದ್ದಾರೆ.

ಹಾಗೆಂದು ಲೆಕ್ಕ ಸುಳ್ಳಾಗುವುದಿಲ್ಲ. ಯಾವುದೇ ಸಂಖ್ಯೆಯನ್ನು ಹತ್ತುಗಳೆಂದೂ ಬಿಡಿಯೆಂದೂ ಒಡೆದು ಮೂರರಿಂದ ಗುಣಿಸಿದರೆ, ಮೂವತ್ತು ಪಾಲು ಹತ್ತುಗಳ ಅಂಕಿ, ಮೂರು ಪಾಲು ಬಿಡಿ. ಅದರಿಂದ ಇಪ್ಪತ್ತೊಂಬತ್ತು ಪಾಲನ್ನು ಕಳೆದರೆ ಉಳಿಯುವುದು ಹತ್ತುಗಳ ಅಂಕಿ ಮತ್ತು ಬಿಡಿಯ ಮೂರರಷ್ಟು. ಇಷ್ಟೇ ಗುಟ್ಟು. 19ಕ್ಕೆ ಎರಡರಿಂದ ಗುಣಿಸಬೇಕು, 39ರ ಮೂಲಕ 13ಕ್ಕೆ ನಾಲ್ಕರಿಂದ. ಪಾಶ್ಚಾತ್ಯರಲ್ಲಿಯೂ ಇಂಥ ಪರೀಕ್ಷೆಗಳು ಹೇರಳ. 1919ರಲ್ಲಿ ಡಿಕ್ಸನ್ ತಮ್ಮ ಸಂಖ್ಯಾಶಾಸ್ತ್ರದ ಇತಿಹಾಸದಲ್ಲಿ ಅವಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು.

ನನಗೆ ನಾಚಿಕೆಯಾದದ್ದು ಬೇರೊಂದು ಕಾರಣಕ್ಕೆ. ಕನ್ನಡನಾಡಿನ ಅರಸರ ಆಶ್ರಯದಲ್ಲೇ ಹುಟ್ಟಿದ, ಶ್ಲೋಕ ಶ್ಲೋಕವಾಗಿ ಉಳಿದುಬಂದ ಗಣಿತ ಇರುವಾಗ, ಇಲ್ಲದ ಆಧಾರವನ್ನು ನಾನು ಮಕ್ಕಳಿಗೆ ಹೇಳಿದ್ದೆ. 'ಕವಿರಾಜಮಾರ್ಗ'ವನ್ನು ಕೊಟ್ಟ ನೃಪತುಂಗನ ಕಾಲದಲ್ಲೇ, ಕ್ರಿ.ಶ. 850ರ ಸುಮಾರಿಗೆ, ಜೈನ ಪಂಡಿತ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದ. ನಾವು ಲಘುತಮ ಸಾಮಾನ್ಯ ಅಪವರ್ತ್ಯವೆನ್ನುವುದಕ್ಕೆ ಅವನಿಟ್ಟ ಹೆಸರು 'ನಿರುದ್ಧ'. ಭಿನ್ನರಾಶಿಗಳ ಛೇದಗಳಲ್ಲಿ ಸಮಾನವಾದ ಅಪವರ್ತನಗಳನ್ನು ತೆಗೆದು, ಅವನ್ನೂ ಕೊನೆಗುಳಿದ ಲಬ್ಧಗಳನ್ನೂ ಒಟ್ಟಿಗೆ ಗುಣಿಸಬೇಕೆಂದು ಅವನ ನಿಯಮ. ಆರನೆಯ, ಹತ್ತನೆಯ, ಹದಿನೈದನೆಯ ಒಂದೊಂದು ಪಾಲನ್ನು ಕೂಡಿಸಬೇಕಾದರೆ ಛೇದಗಳನ್ನು ಬರಿದೆ ಗುಣಿಸಿ 900ಕ್ಕೆ ಹೋಗಬೇಕಾಗಿಲ್ಲ, ನಿರುದ್ಧ 30 ಸಾಕು. ಮೊತ್ತ ಮೂರರಲ್ಲೊಂದು ಪಾಲು.

ಮದರಾಸಿನಲ್ಲಿ ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಅಚ್ಚು ಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ ಬಂದದ್ದು 2000ದಲ್ಲಿ, ಹೊಂಬುಜದಿಂದ. ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯನ್ನು ಕಂಡವರಿಗೆ ನಮ್ಮ ಮಲೆನಾಡಿನ ಈ ಜೈನ ಪರಂಪರೆಯನ್ನು ಪರಿಚಯಿಸಬೇಕಾಗಿಲ್ಲ.

ಆ ಗ್ರಂಥದಲ್ಲಿ ಕಂಠಾಭರಣವೆಂಬ ಚಮತ್ಕಾರದ ಗುಣಾಕಾರಗಳಿವೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಮಣಿಗಳಂತೆ ಸಾಲಾಗಿ ನಿಲ್ಲುತ್ತವೆ. ರೇಡಿಯೋದಲ್ಲಿ ಅಂಕೆ ಓದುವುದು ಕೇಳುವವರಿಗೆ ಶಿಕ್ಷೆ, ಬಲ್ಲೆ. ಕಾಗದದ ಮೇಲೆ ಮಾಡಿ ನೋಡಬೇಕು. 152207 ತಾನೇ 11, 101, 137 ಎಂಬ ಮೂರು ಅವಿಭಾಜ್ಯಗಳ ಗುಣಲಬ್ಧ. 73ನ್ನು ಸೇರಿಸಿದರೆ ಹಾರ ಪೂರ್ಣ. ಆ ಹುಡುಗಿ ಇಂದು ಎದುರಾಗಿ "ಎಲ್ಲಿದೆ, ಸಾರ್?" ಎಂದರೆ, ಪರಿಕರ್ಮದ ಅಧ್ಯಾಯವನ್ನು ತೆರೆದು ಶ್ಲೋಕವನ್ನೇ ತೋರಿಸಬಲ್ಲೆ.