ಬರದ ಹಳಿಯ ಮೇಲೆ ಓಡಿದ ಡೀಸೆಲ್ ಗಾಡಿ

ರೋಣ ತಾಲೂಕಿಗೆ ರೈಲು ಬಂದದ್ದು ಯಾವ ದೊರೆಯ ಔದಾರ್ಯದಿಂದಲೂ ಅಲ್ಲ, ಹಸಿವಿನಿಂದ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾ ಕ್ಷಾಮವನ್ನು ನಮ್ಮ ಹಿರಿಯರು ಸಂವತ್ಸರದ ಹೆಸರಿನಿಂದ ಧಾತು-ಈಶ್ವರ ಬರ ಎಂದು ನೆನೆಯುತ್ತಿದ್ದರು. ಧಾರವಾಡ, ಬಿಜಾಪುರ, ಬಳ್ಳಾರಿಯ ಸೀಮೆಯಲ್ಲಿ ಜನ ಹುಳುಗಳಂತೆ ಸತ್ತರು. ಬೇರೆಡೆ ಧಾನ್ಯವಿದ್ದರೂ ಎತ್ತಿನ ಗಾಡಿಯ ಮೇಲೆ ಅದು ಇಲ್ಲಿಗೆ ತಲುಪುವಂತಿರಲಿಲ್ಲ. ಗಾಡಿ ಎಳೆಯುವ ಎತ್ತುಗಳೇ ಮೇವು-ನೀರಿಲ್ಲದೆ ದಾರಿಯಲ್ಲಿ ಕುಸಿದು ಬೀಳುತ್ತಿದ್ದವು. 1880ರ ಕ್ಷಾಮ ಆಯೋಗ ಇದನ್ನು ಗಮನಿಸಿ, ಬರಪೀಡಿತ ಪ್ರದೇಶಗಳಿಗೆ ರಕ್ಷಣೆಯ ರೈಲುಮಾರ್ಗಗಳು ಬೇಕೆಂದು ಶಿಫಾರಸು ಮಾಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಗದಗದಿಂದ ಹೊಳೆಆಲೂರು, ಬಾದಾಮಿ, ಬಾಗಲಕೋಟೆ, ಬಿಜಾಪುರದ ಮೂಲಕ ಸೊಲ್ಲಾಪುರದ ಬಳಿಯ ಹೋಟಗಿಯವರೆಗೆ ಸುಮಾರು 280 ಕಿಲೋಮೀಟರ್ ಹಳಿ ತೆರೆಯಿತು. ರೋಣ ತಾಲೂಕಿನ ಹೊಳೆಆಲೂರಿನಲ್ಲಿ ಗಾಡಿ ನಿಂತಿತು, ಮಲಪ್ರಭೆಯನ್ನು ದಾಟಿ ಮುಂದೆ ಹೋಯಿತು. ಹಳಿಗೆ ಎರಡು ದಿಕ್ಕು ಇರುತ್ತದೆ ಎಂಬುದನ್ನೂ ಮರೆಯಬಾರದು. ಬರದಲ್ಲಿ ಜೋಳ ತರಬಲ್ಲ ಗಾಡಿ, ಸುಗ್ಗಿಯಲ್ಲಿ ನಮ್ಮ ಅರಳೆಯನ್ನು ಬಂದರಿನ ಕಡೆಗೆ ಹೊತ್ತುಕೊಂಡೂ ಹೋಗಬಲ್ಲದು.

ಈ ಹಳಿ ಮೀಟರ್ ಗೇಜ್. ಎರಡು ಕಂಬಿಗಳ ನಡುವೆ ಸರಿಯಾಗಿ 1000 ಮಿಲಿಮೀಟರ್. ದೊಡ್ಡ ಮಾರ್ಗಗಳ ಬ್ರಾಡ್ ಗೇಜ್ 1676 ಮಿಲಿಮೀಟರ್. ಲಾರ್ಡ್ ಮೇಯೋ ವೈಸರಾಯ್ ಆಗಿದ್ದಾಗ 1870ರ ಸುಮಾರಿಗೆ, ಖರ್ಚು ಉಳಿಸಲೆಂದು ಈ ಕಿರಿದಾದ ಅಳತೆಯನ್ನು ಆರಿಸಲಾಯಿತು. ಹಗುರ ಕಂಬಿ, ಸಣ್ಣ ಸೇತುವೆ, ಚಿಕ್ಕ ಡಬ್ಬಿ. ಬಡ ಸೀಮೆಗೆ ಬಡವರ ರೈಲು. ಮುಂದಿನ ನೂರಿಪ್ಪತ್ತು ವರ್ಷಗಳ ಕಥೆಯೆಲ್ಲ ಆ ಒಂದು ನಿರ್ಧಾರದಲ್ಲೇ ಅಡಗಿತ್ತು.

ಉಗಿ ಇಂಜಿನಿಗೆ ಎರಡು ಹಸಿವು. ಒಂದು ಕಲ್ಲಿದ್ದಲು, ಇನ್ನೊಂದು ನೀರು. ಕಲ್ಲಿದ್ದಲು ದೂರದಿಂದ ಬರಬೇಕು. ನೀರಂತೂ ನಮ್ಮ ಎರೆ ಸೀಮೆಯಲ್ಲಿ ಮನುಷ್ಯರಿಗೇ ಸಾಲದ ವಸ್ತು. ಬರ ನೀಗಿಸಲು ಹುಟ್ಟಿದ ಹಳಿಯ ಮೇಲೆ ಓಡುವ ಇಂಜಿನು ದಾರಿಯುದ್ದಕ್ಕೂ ನೀರು ಕೇಳುತ್ತಿತ್ತು ಎಂಬುದು ವಿಚಿತ್ರವಾದರೂ ಸತ್ಯ. ಸ್ವಾತಂತ್ರ್ಯದ ನಂತರ ಮೀಟರ್ ಗೇಜಿನ ಪ್ರಯಾಣಿಕರ ಗಾಡಿಗಳಿಗೆ ವೈಪಿ, ಸರಕಿನ ಗಾಡಿಗಳಿಗೆ ವೈಜಿ ಎಂಬ ಉಗಿ ಇಂಜಿನುಗಳು ಬಂದವು. 1972ರಲ್ಲಿ ಅವುಗಳ ತಯಾರಿಕೆ ನಿಂತಿತು. ಅಷ್ಟರಲ್ಲಿ ಅವುಗಳ ವಾರಸುದಾರ ಬಂದಾಗಿತ್ತು. ಅದರ ಹೆಸರು ವೈಡಿಎಂ-4.

ಹೆಸರನ್ನು ಬಿಡಿಸಿದರೆ ಅರ್ಥ ಸರಳ. 'ವೈ' ಎಂದರೆ ಮೀಟರ್ ಗೇಜ್, 'ಡಿ' ಎಂದರೆ ಡೀಸೆಲ್, 'ಎಂ' ಎಂದರೆ ಪ್ರಯಾಣಿಕರ ಗಾಡಿ, ಸರಕಿನ ಗಾಡಿ ಎರಡನ್ನೂ ಎಳೆಯುವ ಮಿಶ್ರ ಕೆಲಸದ್ದು, '4' ಮಾದರಿಯ ಸಂಖ್ಯೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಆಲ್ಕೋ ಕಂಪನಿ ಇದನ್ನು ಭಾರತಕ್ಕೆ ಕೊಟ್ಟಿತು. ಕೆನಡಾದ ಮಾಂಟ್ರಿಯಲ್ ಕಾರ್ಖಾನೆಯಿಂದಲೂ ಕೆಲವು ಬಂದವು. 1968ರಿಂದ ವಾರಾಣಸಿಯ ಡೀಸೆಲ್ ಇಂಜಿನ್ ಕಾರ್ಖಾನೆ ಇವನ್ನು ಇಲ್ಲೇ ಕಟ್ಟತೊಡಗಿತು. ಮರುವರ್ಷ, 1969ರಲ್ಲಿ, ಆಲ್ಕೋ ತನ್ನ ನಾಡಿನಲ್ಲಿ ಇಂಜಿನ್ ತಯಾರಿಕೆಯನ್ನೇ ನಿಲ್ಲಿಸಿತು. ಗುರು ಅಂಗಡಿ ಮುಚ್ಚಿದ ಮೇಲೂ ಶಿಷ್ಯ ಅದೇ ವಿದ್ಯೆಯಿಂದ ದಶಕಗಳ ಕಾಲ ಕಸುಬು ನಡೆಸಿದ. ಇದೇ ವಂಶದ ಇಂಜಿನುಗಳು ಹಿಮ ಮುಚ್ಚಿದ ಅಲಾಸ್ಕಾದ ವೈಟ್ ಪಾಸ್ ಬೆಟ್ಟದ ರೈಲಿನಲ್ಲೂ ದುಡಿದಿವೆ.

ಇದರ ರಚನೆಯಲ್ಲಿ ಜಾಣತನವಿತ್ತು. ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಡೀಸೆಲ್ ಯಂತ್ರ ನೇರವಾಗಿ ಗಾಲಿಯನ್ನು ತಿರುಗಿಸುವುದಿಲ್ಲ, ಜನರೇಟರನ್ನು ತಿರುಗಿಸುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ತು ಅಚ್ಚುಗಳಲ್ಲಿರುವ ಮೋಟಾರುಗಳಿಗೆ ಹೋಗಿ ಗಾಲಿ ತಿರುಗುತ್ತದೆ. ಅಂದರೆ ತನ್ನ ವಿದ್ಯುತ್ ಕೇಂದ್ರವನ್ನು ತಾನೇ ಹೊತ್ತು ಓಡುವ ಗಾಡಿ. ಶಕ್ತಿ ಸುಮಾರು 1400 ಅಶ್ವಶಕ್ತಿ, ತೂಕ ಸುಮಾರು 72 ಟನ್. ಹಗುರ ಕಂಬಿಯ ಮೇಲೆ ಇಷ್ಟು ಭಾರ ಹೇಗೆ? ತೂಕವನ್ನು ಆರು ಅಚ್ಚುಗಳಿಗೆ ಹಂಚಿದರು. ಒಂದೊಂದು ಅಚ್ಚಿಗೆ 12 ಟನ್ ಮಾತ್ರ ಬಿತ್ತು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಎರೆಮಣ್ಣಿನ ಮೇಲೆ ಹಾಸಿದ ಹಳಿಗೆ ಈ ಹಂಚಿಕೆ ದೊಡ್ಡ ಉಪಕಾರ. ಉಗಿ ಇಂಜಿನನ್ನು ಕೊನೆಯ ನಿಲ್ದಾಣದಲ್ಲಿ ತಿರುಗು ಮೇಜಿನ ಮೇಲೆ ನಿಲ್ಲಿಸಿ ತಿರುಗಿಸಬೇಕಿತ್ತು. ಇದಕ್ಕೆ ಆ ರಗಳೆ ಇಲ್ಲ, ಎರಡೂ ದಿಕ್ಕಿಗೆ ಓಡುತ್ತಿತ್ತು. ಆದರೆ ಉದ್ದನೆಯ ಮೂತಿ ಮುಂದಾದಾಗ ಡ್ರೈವರನಿಗೆ ದಾರಿ ಅರ್ಧ ಮರೆಯಾಗುತ್ತಿತ್ತು. ನಿಂತ ಗಾಡಿ ಹೊರಡುವಾಗ ಇಂಧನ ಮೊದಲು ನುಗ್ಗಿ, ಅದಕ್ಕೆ ತಕ್ಕ ಗಾಳಿ ಒಂದು ಗಳಿಗೆ ತಡವಾಗಿ ಬರುತ್ತಿದ್ದುದರಿಂದ ಕರಿ ಹೊಗೆ ಭುಸ್ಸನೆ ಏಳುತ್ತಿತ್ತು.

ಗದಗ-ಸೊಲ್ಲಾಪುರ ಮಾರ್ಗದಲ್ಲಿ ಉಗಿಯ ಜಮಾನ ಮುಗಿದ ಮೇಲೆ ಗಾಡಿ ಎಳೆದದ್ದು ಇದೇ. ಬೆಂಕಿಗೆ ಕಲ್ಲಿದ್ದಲು ಎಸೆಯುತ್ತಿದ್ದ ಫೈರ್‌ಮನ್ ಹೋಗಿ ಡೀಸೆಲ್ ಅಸಿಸ್ಟೆಂಟ್ ಬಂದ. ಹಣೆಯ ಮಸಿ ಕಡಿಮೆಯಾಯಿತು, ಕಿವಿಗೆ ಬೀಳುವ ಗದ್ದಲ ಹೆಚ್ಚಾಯಿತು. ಡಬ್ಬಿಯೊಳಗಿನ ಲೋಕ ಮಾತ್ರ ಹಾಗೆಯೇ ಉಳಿಯಿತು. ಬನಶಂಕರಿ ಜಾತ್ರೆಗೆ ಹೊರಟವರು, ಬಿಜಾಪುರದ ಗೋಲ್‌ಗುಂಬಜ್ ನೋಡಲು ಹೊರಟ ಶಾಲೆಯ ಹುಡುಗರು, ಮೆಣಸಿನಕಾಯಿ ಚೀಲದ ಮೇಲೆ ಕುಳಿತ ವ್ಯಾಪಾರಿ, ಸೊಲ್ಲಾಪುರದ ಗಿರಣಿಗೆ ಕೂಲಿ ಹುಡುಕಿ ಹೊರಟವ, ಎಲ್ಲರೂ ಒಂದೇ ಮರದ ಹಲಗೆಯ ಮೇಲೆ ಒತ್ತಿಕೊಂಡು ಕೂರುತ್ತಿದ್ದರು. ಪ್ಯಾಸೆಂಜರ್ ಗಾಡಿಯಲ್ಲಿ ಯಾರೂ ಯಾರ ಜಾತಿ-ಮತ ಕೇಳಿ ಜಾಗ ಕೊಡುತ್ತಿರಲಿಲ್ಲ. ಜಾಗವೇ ಇರುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

1992ರಲ್ಲಿ ಇಡೀ ದೇಶಕ್ಕೆ ಒಂದೇ ಅಗಲದ ಹಳಿ ಎಂಬ ಯೋಜನೆ ಬಂದಾಗ ವೈಡಿಎಂ-4ರ ಆಯುಷ್ಯ ಎಣಿಕೆಗೆ ಸಿಕ್ಕಿತು. 1990ರ ದಶಕದಲ್ಲಿ ಹುಬ್ಬಳ್ಳಿ-ಗದಗ-ಹೊಸಪೇಟೆ ಮಾರ್ಗ ಬ್ರಾಡ್ ಗೇಜ್ ಆಯಿತು. ಆಮೇಲೆ ಗದಗದಲ್ಲಿ ಇಳಿದು ಇನ್ನೊಂದು ಗಾಡಿಗೆ ಗಂಟು-ಮೂಟೆ ಸಾಗಿಸುವುದು ಸೊಲ್ಲಾಪುರದ ಕಡೆಯವರ ಪಾಡಾಯಿತು. 2008ರ ಹೊತ್ತಿಗೆ ಗದಗ-ಹೋಟಗಿ ಹಳಿಯೂ ಅಗಲವಾಯಿತು. ಕೆಲಸವಿಲ್ಲದ ಮೀಟರ್ ಗೇಜ್ ಇಂಜಿನುಗಳಲ್ಲಿ ಹಲವು ಗುಜರಿಗೆ ಹೋದವು. ಕೆಲವು ಇನ್ನೂ ಮೀಟರ್ ಗೇಜ್ ಇರುವ ಮಲೇಶಿಯಾ, ಮ್ಯಾನ್ಮಾರ್‌ಗಳಲ್ಲಿ ದುಡಿದವು. 2018ರ ಕೊನೆಗೆ ಮಧ್ಯಪ್ರದೇಶದ ಪಾತಾಳಪಾನಿ-ಕಾಲಾಕುಂಡ್ ನಡುವೆ ಆರಂಭವಾದ ಪಾರಂಪರಿಕ ಗಾಡಿಗೂ ಇದೇ ಇಂಜಿನು ಹೆಗಲು ಕೊಟ್ಟಿತು.

ಅಗಲ ಹಳಿಯಿಂದ ಲಾಭವಾಗಿದೆ, ಅನುಮಾನವಿಲ್ಲ. ಹೊಳೆಆಲೂರಿನವರು ಈಗ ಗಾಡಿ ಬದಲಿಸದೆ ದೂರದೂರಿಗೆ ಹೋಗಬಲ್ಲರು. ಆದರೆ ನರಗುಂದ, ಗಜೇಂದ್ರಗಡಗಳಿಗೆ ಇಂದಿಗೂ ರೈಲಿಲ್ಲ. ನೇಕಾರರ ಊರಾದ ಗಜೇಂದ್ರಗಡದವರು ಸೀರೆ ಗಂಟನ್ನು ಬಸ್ಸಿನ ಮೇಲೇ ಹೇರಬೇಕು. 2025ರ ಮೇ ತಿಂಗಳಲ್ಲಿ ಪಕ್ಕದ ಕುಷ್ಟಗಿಗೆ ರೈಲು ಬಂದಾಗ ಇವರು ಅದನ್ನು ದೂರದಿಂದ ನೋಡಬೇಕಾಯಿತು. 1884ರಲ್ಲಿ ಪರಕೀಯ ಸರ್ಕಾರವೂ ಹಳಿ ಹಾಕುವ ಮುನ್ನ 'ಇಲ್ಲಿ ಹಸಿವು ಎಷ್ಟಿದೆ' ಎಂದು ಕೇಳಬೇಕಾಗಿ ಬಂದಿತ್ತು. ಇಂದು ಹೊಸ ಮಾರ್ಗದ ಮಾತು ಬಂದೊಡನೆ 'ಆದಾಯ ಎಷ್ಟು' ಎಂಬ ಪ್ರಶ್ನೆಯೇ ಮುಂದೆ ನಿಲ್ಲುತ್ತದೆ. ಎರಡನ್ನೂ ಕೇಳುವುದು ನ್ಯಾಯ.

ಉಗಿ ಇಂಜಿನಿಗೆ ಸಿಕ್ಕ ಪ್ರೀತಿ ಈ ಹೊಗೆಯುಗುಳುವ ಡೀಸೆಲ್ಲಿಗೆ ಸಿಗಲಿಲ್ಲ. ಅದನ್ನು ಓಡಿಸಿದವರು, ಅದಕ್ಕಾಗಿ ಉರಿಬಿಸಿಲಿನಲ್ಲಿ ಹಳಿ ಕಾಯ್ದ ಗ್ಯಾಂಗ್‌ಮನ್‌ಗಳು ಗದಗ, ಹುಬ್ಬಳ್ಳಿ, ಹೊಳೆಆಲೂರಿನ ಓಣಿಗಳಲ್ಲಿ ಇನ್ನೂ ಇದ್ದಾರೆ, ವಯಸ್ಸಾಗಿದೆ. ಇಂಜಿನು ಗುಜರಿಗೆ ಹೋದರೆ ಅದರ ನಕ್ಷೆಯಾದರೂ ಉಳಿಯುತ್ತದೆ. ಇವರ ಅನುಭವಕ್ಕೆ ನಕ್ಷೆಯಿಲ್ಲ. ಅವರನ್ನು ಕೂರಿಸಿಕೊಂಡು ಕೇಳಿ ಬರೆದಿಡುವ ಕೆಲಸಕ್ಕೆ ರೈಲ್ವೆ ಇಲಾಖೆಯ ಮಂಜೂರಾತಿ ಬೇಕಿಲ್ಲ. ನಮ್ಮೂರಿನ ಶಾಲೆ-ಕಾಲೇಜಿನ ಹುಡುಗ-ಹುಡುಗಿಯರು ಒಂದು ನೋಟ್‌ಬುಕ್ ಹಿಡಿದು ಹೊರಟರೆ ಸಾಕು.