ರೊಕ್ಕದ ಚೆಸ್ಸು, ಕಳ್ಳ ಇಂಜಿನ್ನು

ಮೂಡಲಗಿ ತಾಲ್ಲೂಕಿನ ನಾಗನೂರದವರಾಗಲಿ, ಗೋಕಾಕ–ಹುಕ್ಕೇರಿ ಸೀಮೆಯ ಬೇರೆ ಯಾವ ಊರಿನವರಾಗಲಿ, ಚೆಸ್ಸನ್ನು ಗಂಭೀರವಾಗಿ ಆಡಬೇಕೆಂದರೆ ಮೊದಲು ಬಸ್ಸು ಹತ್ತಬೇಕಿತ್ತು. ಬೆಳಗಾವಿಗೆ, ಇಲ್ಲವೇ ಮೀರಜ್ ದಾಟಿ ಸಾಂಗಲಿಗೆ. ಭಾವುಸಾಹೇಬ ಪಡಸಲಗೀಕರ ಬೆಳೆಸಿದ ನೂತನ ಬುದ್ಧಿಬಳ ಮಂಡಳದ ಟೂರ್ನಿಗಳಿಂದಾಗಿ ಸಾಂಗಲಿ ಈ ಭಾಗಕ್ಕೆ ಚೆಸ್ಸಿನ ಪೇಟೆಯೇ ಆಗಿತ್ತು. ಬಹುಮಾನ ಸಣ್ಣದಿರಲಿ ದೊಡ್ಡದಿರಲಿ, ಎದುರಾಳಿ ಮೇಜಿನಾಚೆ ಕಣ್ಣಿಗೆ ಕಾಣುವ ಹಾಗೆ ಕೂತಿರುತ್ತಿದ್ದ. ಫೋನಿನಲ್ಲಿ ರೊಕ್ಕ ಕಟ್ಟಿ ಆಡುವ ಆಪ್‌ಗಳು ಬಂದ ಮೇಲೆ ಬಸ್ಸಿನ ಖರ್ಚು ಉಳಿಯಿತು, ಎದುರಾಳಿ ಕಾಣದಾದ. ಅವನು ಮನುಷ್ಯನೋ, ಮನುಷ್ಯನ ಹೆಸರಿಟ್ಟುಕೊಂಡು ಆಡುತ್ತಿರುವ ಯಂತ್ರವೋ ಎಂಬ ಅನುಮಾನಕ್ಕೆ ಮೂವತ್ತು ವರ್ಷದ ಚರಿತ್ರೆಯಿದೆ. ಆಟಗಾರರು, ಸಂಘಟಕರು, ಸಂಖ್ಯಾಶಾಸ್ತ್ರಜ್ಞರು ಎಲ್ಲರೂ ಈ ಪ್ರಶ್ನೆಗೆ ತಲೆ ಕೆಡಿಸಿಕೊಂಡರು. ನಮ್ಮ ಕಾನೂನು ಮಾತ್ರ ಅದನ್ನು ಸರಿಯಾಗಿ ಕೇಳಲೇ ಇಲ್ಲ ಎಂಬುದು ನನ್ನ ತಕರಾರು.

1993ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವರ್ಲ್ಡ್ ಓಪನ್ ಟೂರ್ನಿಗೆ ಒಬ್ಬ ಬಂದ. ಬರೆಸಿದ ಹೆಸರು ಜಾನ್ ಫಾನ್ ನಾಯ್ಮನ್, ಅಂದರೆ ಕಂಪ್ಯೂಟರ್ ಯುಗಕ್ಕೆ ಬುನಾದಿ ಹಾಕಿದ ಗಣಿತಜ್ಞನ ಹೆಸರು. ಕಳ್ಳನಿಗೆ ಹಾಸ್ಯಪ್ರಜ್ಞೆಯಂತೂ ಇತ್ತು. ಕಿವಿಗೆ ಹೆಡ್‌ಫೋನು, ಜೇಬಿನಲ್ಲಿ ಉಬ್ಬಿದ ವಸ್ತುವೊಂದು. ಆಟದ ಬಿಸಿ ಏರಿದಾಗ ಅದು ಗುಂಯ್‌ಗುಡುತ್ತಿತ್ತಂತೆ. ಐಸ್‌ಲ್ಯಾಂಡಿನ ಗ್ರ್ಯಾಂಡ್‌ಮಾಸ್ಟರ್ ಹೆಲ್ಗಿ ಓಲಾಫ್ಸನ್ ಜೊತೆ ಆತ ಡ್ರಾ ಮಾಡಿಕೊಂಡ. ಬಹುಮಾನದ ಹೊತ್ತಿಗೆ ಸಂಘಟಕರು ಎಳೆಯರೂ ಬಿಡಿಸುವಂಥ ಒಂದು ಒಗಟನ್ನು ಮುಂದಿಟ್ಟರೆ ಬಿಡಿಸಲಾಗಲಿಲ್ಲ, ಹೊರಟೇಹೋದ. ಅವನು ಯಾರೆಂದು ಆಗ ಪತ್ತೆಯಾಗಲಿಲ್ಲ.

ಆಗಿನ ಯಂತ್ರ ಇನ್ನೂ ದಡ್ಡ. ನಾಲ್ಕು ವರ್ಷದ ಮೇಲೆ, 1997ರಲ್ಲಿ, ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ಆಗಿನ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್‌ನನ್ನು ಸೋಲಿಸಿತು. ಆದರೆ ಡೀಪ್ ಬ್ಲೂವನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗುವಂತಿರಲಿಲ್ಲ. 2006ರ ಕೊನೆಯಲ್ಲಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಜರ್ಮನಿಯ ಬಾನ್ ನಗರದಲ್ಲಿ ಡೀಪ್ ಫ್ರಿಟ್ಜ್ ಎದುರು 2–4ರಿಂದ ಸೋತ. ಅದು ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಪ್ರೋಗ್ರಾಂ. 2009ರಲ್ಲಿ ಪಾಕೆಟ್ ಫ್ರಿಟ್ಜ್ ಎಂಬುದು ಸಾದಾ ಮೊಬೈಲಿನ ಮೇಲೆ ಓಡುತ್ತ ಬ್ಯೂನಸ್ ಐರಿಸ್‌ನ ಟೂರ್ನಿಯೊಂದರಲ್ಲಿ 10ಕ್ಕೆ 9.5 ಅಂಕ ಗಳಿಸಿತು. ನನಗೆ ಕೇಳಿದರೆ ಡೀಪ್ ಬ್ಲೂಗಿಂತ ದೊಡ್ಡ ಘಟನೆ ಇದೇ. ಗ್ರ್ಯಾಂಡ್‌ಮಾಸ್ಟರನೊಬ್ಬ ಅಂಗಿಯ ಜೇಬಿಗೆ ಬಂದು ಕೂತದ್ದು ಆಗ.

ಭಾರತದ ಮೊದಲ ದೊಡ್ಡ ಪ್ರಕರಣ ಇದೇ ನಡುವೆ, 2006ರಲ್ಲಿ, ದೆಹಲಿಯ ಸುಬ್ರತೊ ಮುಖರ್ಜಿ ಸ್ಮಾರಕ ಟೂರ್ನಿಯಲ್ಲಿ ಸಿಕ್ಕಿಬಿತ್ತು. ಆಟಗಾರ ಕಿವಿ ಮುಚ್ಚುವಂತೆ ಟೊಪ್ಪಿಗೆ ಹಾಕಿಕೊಂಡಿದ್ದ, ಟೊಪ್ಪಿಗೆಯೊಳಗೆ ಬ್ಲೂಟೂತ್ ಹೊಲಿಸಿಕೊಂಡಿದ್ದ. ಹೊರಗಿದ್ದ ಸಂಗಡಿಗರು ನಡೆ ಹೇಳಿಕೊಡುತ್ತಿದ್ದರು. ಅಖಿಲ ಭಾರತ ಚೆಸ್ ಫೆಡರೇಷನ್ ಹತ್ತು ವರ್ಷ ನಿಷೇಧ ಹಾಕಿತು. ಆಮೇಲಿನದೆಲ್ಲ ಹೆಚ್ಚುಕಡಿಮೆ ಪಾಯಿಖಾನೆಯ ಕಥೆ: 2015ರಲ್ಲಿ ದುಬೈ, 2019ರಲ್ಲಿ ಸ್ಟ್ರಾಸ್‌ಬರ್ಗ್, ಎರಡೂ ಕಡೆ ಗ್ರ್ಯಾಂಡ್‌ಮಾಸ್ಟರುಗಳು ಫೋನಿನ ಸಮೇತ ಸಿಕ್ಕಿಬಿದ್ದರು. ಮೇಜಿನ ಮೇಲಿನ ಆಟದಲ್ಲಿ ಕಳ್ಳತನಕ್ಕೆ ಒಂದು ವಸ್ತು ಬೇಕು, ಆ ವಸ್ತುವೇ ಸಾಕ್ಷಿಯಾಗುತ್ತದೆ.

ಆನ್‌ಲೈನಿನಲ್ಲಿ ವಸ್ತುವೇ ಬೇಕಿಲ್ಲ. 1995ರಲ್ಲಿ ಶುರುವಾದ ಇಂಟರ್ನೆಟ್ ಚೆಸ್ ಕ್ಲಬ್ಬಿನಲ್ಲೇ ಈ ತಲೆನೋವಿತ್ತು. ಅಲ್ಲಿ ಕಂಪ್ಯೂಟರ್ ಖಾತೆಗಳ ಹೆಸರಿನ ಮುಂದೆ ಗುರುತು ಹಾಕುತ್ತಿದ್ದರು, ಮನುಷ್ಯರೆಂದು ಹೇಳಿಕೊಂಡು ಯಂತ್ರದಿಂದ ಆಡಿಸಿ ಸಿಕ್ಕಿಬಿದ್ದವರಿಗೂ ಅದೇ ಗುರುತು ಬೀಳುತ್ತಿತ್ತು. ಆ ಬಳಿಕ ಚೆಸ್ ಡಾಟ್ ಕಾಮ್, ಲಿಚೆಸ್ ತಾಣಗಳು ಬಂದವು. ಈ ನಡುವೆ 2008ರಲ್ಲಿ ಹುಟ್ಟಿದ ಸ್ಟಾಕ್‌ಫಿಶ್ ಎಂಬ ಇಂಜಿನ್, ಅಂದರೆ ಚೆಸ್ ಆಡುವ ಪ್ರೋಗ್ರಾಂ, ಪುಕ್ಕಟೆ, ಫೋನಿನಲ್ಲೂ ಓಡುತ್ತದೆ, ವಿಶ್ವ ಚಾಂಪಿಯನ್ನನನ್ನು ಮಗುವಿನಂತೆ ಸೋಲಿಸುತ್ತದೆ. ಒಂದು ಪರದೆಯಲ್ಲಿ ಆಟ, ಪಕ್ಕದ ಪರದೆಯಲ್ಲಿ ಇಂಜಿನ್. ಕೊರೊನಾ ಬಂದು 2020ರಲ್ಲಿ ಟೂರ್ನಿಗಳೆಲ್ಲ ಮನೆಯೊಳಗೆ ಸೇರಿದಾಗ, ಬಹುಮಾನದ ಹಣವೂ ಹಿಂದೆಯೇ ಸೇರಿತು. ಆ ವರ್ಷದ ಪ್ರೊ ಚೆಸ್ ಲೀಗ್ ಗೆದ್ದ ಆರ್ಮೇನಿಯಾ ಈಗಲ್ಸ್ ತಂಡದ ಪಟ್ಟ ಕೆಲವೇ ದಿನಗಳಲ್ಲಿ ಕಿತ್ತುಹೋಯಿತು. ತಂಡದ ಗ್ರ್ಯಾಂಡ್‌ಮಾಸ್ಟರ್ ಟಿಗ್ರಾನ್ ಪೆಟ್ರೋಸಿಯಾನ್ (ಹಳೆಯ ವಿಶ್ವ ಚಾಂಪಿಯನ್ ಅಲ್ಲ, ಅವರ ಹೆಸರಿಟ್ಟುಕೊಂಡವನು) ನಿಯಮ ಮುರಿದನೆಂದು ಚೆಸ್ ಡಾಟ್ ಕಾಮ್ ಆಜೀವ ನಿಷೇಧ ಹೇರಿತು. ಆತ ಕೊನೆಯವರೆಗೂ ಒಪ್ಪಲಿಲ್ಲ. ಕಿಸೆ ತಡಕಲು ಕಿಸೆಯೇ ಇಲ್ಲದ ಕಡೆ ಒಪ್ಪಿಸುವುದು ಹೇಗೆ?

ಒಪ್ಪಿಕೊಂಡವರ ಪ್ರಕರಣ ನಮ್ಮ ಬೆಂಗಳೂರಿನದು. 2021ರ ಜೂನ್ 13ರ ಭಾನುವಾರ, ಬೆಂಗಳೂರಿನ ಅಕ್ಷಯ ಪಾತ್ರ ಪ್ರತಿಷ್ಠಾನದ ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲು ವಿಶ್ವನಾಥನ್ ಆನಂದ್ ಖ್ಯಾತನಾಮರೊಡನೆ ಏಕಕಾಲಕ್ಕೆ ಆನ್‌ಲೈನ್ ಆಡಿದರು. ಆಮಿರ್ ಖಾನ್ ಇದ್ದರು, ಕ್ರಿಕೆಟಿಗ ಚಹಲ್ ಇದ್ದರು, ನಮ್ಮ ಕಿಚ್ಚ ಸುದೀಪ್ ಇದ್ದರು. ಎಲ್ಲರೂ ಸೋತರು, ಒಬ್ಬರ ಹೊರತು. ಜೆರೋಧಾ ಕಂಪನಿಯ ಸಹಸಂಸ್ಥಾಪಕ ನಿಖಿಲ್ ಕಾಮತ್ ಐದು ಸಲದ ವಿಶ್ವ ಚಾಂಪಿಯನ್ ಆನಂದರನ್ನು ಸೋಲಿಸಿಬಿಟ್ಟರು. ನೋಡುತ್ತಿದ್ದ ಚೆಸ್ ಬಲ್ಲವರಿಗೆ ನಡೆಗಳ ವಾಸನೆ ಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಷ್ಟು ನುಣುಪಾದ ಆಟ ಹವ್ಯಾಸಿಯ ಕೈಯಿಂದ ಬರುವಂಥದ್ದಲ್ಲ. ಚೆಸ್ ಡಾಟ್ ಕಾಮ್ ಖಾತೆ ಮುಚ್ಚಿತು. ಮರುದಿನ ಕಾಮತ್ ಬಹಿರಂಗವಾಗಿ ಒಪ್ಪಿಕೊಂಡರು: ಆಟವನ್ನು ವಿಶ್ಲೇಷಿಸುತ್ತಿದ್ದವರ ನೆರವೂ ಕಂಪ್ಯೂಟರಿನ ನೆರವೂ ಇತ್ತು, ಇದು ತಮಾಷೆಗೆ ಮತ್ತು ದಾನಕ್ಕೆ ಆಡಿದ್ದು, ಆದರೂ ಮಾಡಿದ್ದು ದಡ್ಡತನ, ಕ್ಷಮೆ ಇರಲಿ. ಆನಂದರ ಉತ್ತರ ಅವರ ಆಟದಷ್ಟೇ ಮಿತವಾಗಿತ್ತು. ಹಲಗೆಯ ಮೇಲಿನ ಸ್ಥಿತಿಯನ್ನು ನೋಡಿ ತಾವು ಆಡಿದ್ದಾಗಿಯೂ ಬೇರೆಯವರಿಂದಲೂ ಅದನ್ನೇ ನಿರೀಕ್ಷಿಸಿದ್ದಾಗಿಯೂ ಹೇಳಿದರು.

ಇಲ್ಲಿ ನನ್ನ ಗಮನ ಸೆಳೆಯುವುದು ಆಮೇಲೆ ನಡೆದದ್ದು. ಮುಚ್ಚಿದ ಖಾತೆಯನ್ನು ಚೆಸ್ ಡಾಟ್ ಕಾಮ್ ತಿರುಗಿ ತೆರೆಯಿತು. ಆಟಕ್ಕೆ ರೇಟಿಂಗ್, ಅಂದರೆ ಆಟಗಾರನ ಬಲ ಅಳೆಯುವ ಅಂಕ, ಇರಲಿಲ್ಲ, ಆನಂದ್ ಅವರೇ ವಿಷಯ ಬೆಳೆಸಲು ಬಯಸಿರಲಿಲ್ಲ ಎಂಬುದು ಕಾರಣ. ಅಂದರೆ ಕಳ್ಳಾಟದ ತೂಕ ಅದರಿಂದ ಯಾರ ಕಿಸೆಗೆ, ಯಾರ ರೇಟಿಂಗಿಗೆ ಪೆಟ್ಟು ಬಿತ್ತು ಎಂಬುದರ ಮೇಲೆ ನಿಂತಿತು. ಆ ಅಳತೆ ಸರಿಯೇ ಎಂದಿಟ್ಟುಕೊಳ್ಳೋಣ. ಹಾಗಾದರೆ ಹೆಸರಿಲ್ಲದವರು ಹೆಸರಿಲ್ಲದವರೊಡನೆ ಹತ್ತಿಪ್ಪತ್ತು ರೂಪಾಯಿ ಪಣಕ್ಕಿಟ್ಟು ಆಡುವ ಆಟಕ್ಕೆ ಅತಿ ಕಟ್ಟುನಿಟ್ಟಿನ ಕಾವಲಿರಬೇಕಿತ್ತು. ಅಲ್ಲಿ ಎದುರು ಕೂತವನು ಆನಂದ್ ಅಲ್ಲ, ನೋಡುವ ಸಾವಿರ ಕಣ್ಣುಗಳೂ ಇಲ್ಲ.

ಪತ್ತೆಯ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಟಗಾರನ ಪ್ರತಿ ನಡೆಯನ್ನೂ ಇಂಜಿನ್ನಿನ ಉತ್ತಮ ನಡೆಯೊಂದಿಗೆ ಹೋಲಿಸಿ, ಎಷ್ಟು ಸಲ ಎರಡೂ ಒಂದಾದವು, ಒಂದಾಗದ ಕಡೆ ಎಷ್ಟು ನಷ್ಟವಾಯಿತು ಎಂದು ಲೆಕ್ಕ ಹಾಕುತ್ತಾರೆ. ಆ ರೇಟಿಂಗಿನವನಿಂದ ನಿರೀಕ್ಷಿಸಬಹುದಾದ ಮಟ್ಟಕ್ಕಿಂತ ಅದು ಎಷ್ಟು ದೂರ ಇದೆ ಎಂಬುದು ಎರಡನೆಯ ಲೆಕ್ಕ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಸ್ವತಃ ಇಂಟರ್‌ನ್ಯಾಷನಲ್ ಮಾಸ್ಟರ್ ಆದ ಕೆನೆತ್ ರೀಗನ್ ಈ ಶಾಸ್ತ್ರಕ್ಕೆ ಗಟ್ಟಿ ಗಣಿತದ ಚೌಕಟ್ಟು ಹಾಕಿಕೊಟ್ಟವರು. ಆನ್‌ಲೈನಿನಲ್ಲಿ ಇನ್ನೊಂದು ಸುಳಿವು ಸಿಗುತ್ತದೆ: ಸಮಯ. ಹೊಡೆದ ಕಾಯಿಯನ್ನು ತಿರುಗಿ ಹೊಡೆಯಲು ಮನುಷ್ಯನಿಗೆ ಅರೆಕ್ಷಣ ಸಾಕು, ಇಕ್ಕಟ್ಟಿನ ಸ್ಥಿತಿಯಲ್ಲಿ ಅರ್ಧ ನಿಮಿಷವೂ ಸಾಲದು. ಇಂಜಿನ್ ನೋಡಿ ಆಡುವವನು ಎರಡಕ್ಕೂ ಅದೇ ಐದಾರು ಸೆಕೆಂಡು ತೆಗೆದುಕೊಳ್ಳುತ್ತಾನೆ. ಆಟದ ಪುಟ ಬಿಟ್ಟು ಬೇರೆ ಪುಟಕ್ಕೆ ಪದೇ ಪದೇ ಹೋಗಿಬಂದದ್ದೂ ದಾಖಲಾಗುತ್ತದೆ.

ಪೆದ್ದ ಕಳ್ಳರು ಇದರಲ್ಲಿ ಸಿಗುತ್ತಾರೆ. ಜಾಣ ಕಳ್ಳ ಇಡೀ ಆಟವನ್ನು ತಾನೇ ಆಡಿ ಒಂದೆರಡು ನಡೆಗಷ್ಟೇ ಇಂಜಿನ್ ಕೇಳುತ್ತಾನೆ. ಒಂದು ಆಟದಿಂದ ಅವನ ಮೇಲೆ ಏನನ್ನೂ ಸಾಬೀತು ಮಾಡಲಾಗದು, ನೂರು ಆಟ ಕೂಡಿದ ಮೇಲೆ ಗೆರೆ ಸ್ವಲ್ಪ ಓರೆ ಕಾಣುತ್ತದೆ. 2022ರ ಸೆಪ್ಟೆಂಬರಿನಲ್ಲಿ ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಹತ್ತೊಂಬತ್ತರ ಹರೆಯದ ಹ್ಯಾನ್ಸ್ ನೀಮನ್ ಎದುರು ಸೋತು ಸಿಂಕ್‌ಫೀಲ್ಡ್ ಕಪ್ಪಿನಿಂದ ಹೊರನಡೆದಾಗ ಜಗತ್ತಿಗೆಲ್ಲ ಈ ಲೆಕ್ಕಾಚಾರದ ಪರಿಚಯವಾಯಿತು. ಚೆಸ್ ಡಾಟ್ ಕಾಮ್ 72 ಪುಟದ ವರದಿ ಬರೆದು, ಆತ ಹಣದ ಬಹುಮಾನವಿದ್ದ ಟೂರ್ನಿಗಳೂ ಸೇರಿ ನೂರಕ್ಕೂ ಹೆಚ್ಚು ಆನ್‌ಲೈನ್ ಆಟಗಳಲ್ಲಿ ಬಹುಶಃ ಮೋಸ ಮಾಡಿದ್ದಾನೆ ಎಂದಿತು. ‘ಬಹುಶಃ’ ಎಂಬ ಪದದ ಮೇಲೆ ಇಡೀ ವರದಿ ನಿಂತಿದೆ. ಮೇಜಿನ ಮೇಲಿನ ಆಟಗಳನ್ನು ಪರೀಕ್ಷಿಸಿದ ರೀಗನ್‌ಗೆ ಮೋಸದ ಗುರುತು ಸಿಗಲಿಲ್ಲ. ನೀಮನ್ ಹತ್ತು ಕೋಟಿ ಡಾಲರಿನ ಮೊಕದ್ದಮೆ ಹೂಡಿದ, 2023ರಲ್ಲಿ ರಾಜಿಯಾಯಿತು.

ಅನುಮಾನಕ್ಕೂ ಬೆಲೆ ತೆರಬೇಕಾಗುತ್ತದೆ. ಡೀಪ್ ಫ್ರಿಟ್ಜ್‌ಗೆ ಸೋತಿದ್ದ ಅದೇ ಕ್ರಾಮ್ನಿಕ್ ಈಚಿನ ವರ್ಷಗಳಲ್ಲಿ ಅಂಕಿಅಂಶ ತೋರಿಸಿ ಆಟಗಾರರ ಮೇಲೆ ಒಬ್ಬರ ಹಿಂದೊಬ್ಬರಂತೆ ಸಂಶಯ ಎಬ್ಬಿಸುತ್ತ ಬಂದರು. ಅವರ ಆರೋಪಕ್ಕೆ ಗುರಿಯಾಗಿದ್ದ ಅಮೆರಿಕದ ಡೇನಿಯಲ್ ನರೊಡಿಟ್ಸ್ಕಿ 2025ರ ಅಕ್ಟೋಬರಿನಲ್ಲಿ 29ನೇ ವಯಸ್ಸಿಗೆ ತೀರಿಕೊಂಡ ಮೇಲೆ, ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ ತನ್ನ ಶಿಸ್ತು ಆಯೋಗದ ಮುಂದೆ ಕ್ರಾಮ್ನಿಕ್ ವಿರುದ್ಧವೇ ದೂರು ಇಟ್ಟಿತು.

ಇನ್ನು ನಮ್ಮ ಫೋನುಗಳ ಕಥೆ. 2018ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೊಬೈಲ್ ಪ್ರೀಮಿಯರ್ ಲೀಗ್, ಜನ ಹೇಳುವ ಎಂಪಿಎಲ್, ರಮ್ಮಿ, ಕೇರಂಗಳ ಸಾಲಿನಲ್ಲಿ ಚೆಸ್ಸನ್ನೂ ರೊಕ್ಕದ ಆಟವಾಗಿ ಇಟ್ಟಿತು. ಇಬ್ಬರೂ ಪ್ರವೇಶ ಹಣ ಕಟ್ಟಬೇಕಿತ್ತು, ಗೆದ್ದವನಿಗೆ ಕೂಡಿದ ಹಣ, ನಡುವೆ ಕಂಪನಿಗೆ ಪಾಲು: ಇಂಥ ಆಪ್‌ಗಳ ವ್ಯವಹಾರವೇ ಹೀಗಿತ್ತು. ಯಾರು ಗೆದ್ದರೂ ಪಾಲು ಬರುತ್ತಿದ್ದುದರಿಂದ ಕಳ್ಳನ ಗೆಲುವು ಕಂಪನಿಗೆ ನೇರ ನಷ್ಟವಾಗಿರಲಿಲ್ಲ. ಲಿಚೆಸ್, ಚೆಸ್ ಡಾಟ್ ಕಾಮ್‌ಗಳಲ್ಲಿ ಕಳ್ಳ ಸಿಕ್ಕಿಬಿದ್ದರೆ ಸೋತವನ ರೇಟಿಂಗ್ ಅಂಕ ವಾಪಸ್ ಬರುತ್ತದೆ. ಗೆದ್ದವನು ಬ್ಯಾಂಕಿಗೆ ಹಾಕಿಕೊಂಡ ರೊಕ್ಕ ಹಾಗೆ ವಾಪಸ್ ಬರುವ ಜಾತಿಯದಲ್ಲ. ಇಪ್ಪತ್ತು ರೂಪಾಯಿ ಕಳೆದುಕೊಂಡವನು ಮೂಡಲಗಿ ಠಾಣೆಗೆ ಹೋಗಿ ‘ಸಾಹೇಬ್ರ, ಎದುರಿಗಿದ್ದಾಂವ ಸ್ಟಾಕ್‌ಫಿಶ್ ಹಚ್ಚಿದ್ದ’ ಎಂದು ದೂರು ಬರೆಸುತ್ತಿದ್ದನೇ?

ಕಾನೂನು ಈ ಹೊತ್ತಿಗೆ ಬೇರೆಯೇ ವಾದದಲ್ಲಿ ಮುಳುಗಿತ್ತು. ಒಂದು ಆಟ ಜೂಜೋ ಅಲ್ಲವೋ ಎಂದು ತೀರ್ಮಾನಿಸಲು, ಅದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬುದು 1957ರ ಚಮರ್‌ಬಾಗ್‌ವಾಲಾ ತೀರ್ಪಿನಿಂದ ಬಂದ ಗೆರೆ. 1996ರ ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೌಶಲದ ಆಟಗಳಿಗೆ ಉದಾಹರಣೆ ಕೊಡುವಾಗ ಚೆಸ್ಸಿನ ಹೆಸರನ್ನೂ ತೆಗೆದಿದೆ. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು, ಕೌಶಲದ ಆಟವಿದ್ದರೂ ಆನ್‌ಲೈನಿನಲ್ಲಿ ಹಣ ಪಣಕ್ಕಿಟ್ಟರೆ ಅಪರಾಧ ಎಂದಿತು. ಎಂಪಿಎಲ್ ನಡೆಸುವ ಗ್ಯಾಲಕ್ಟಸ್ ಫನ್‌ವೇರ್ ಸೇರಿದಂತೆ ಕಂಪನಿಗಳು ಹೈಕೋರ್ಟಿಗೆ ಹೋದವು. 2022ರ ಫೆಬ್ರುವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ಆ ಸೆಕ್ಷನ್‌ಗಳನ್ನು ರದ್ದು ಮಾಡಿತು. ಕೌಶಲದ ಆಟ ಆನ್‌ಲೈನಿಗೆ ಬಂದ ಮಾತ್ರಕ್ಕೆ ಜೂಜಾಗದು ಎಂಬುದು ತೀರ್ಪಿನ ತಿರುಳು.

ತರ್ಕ ಸರಿಯಾಗಿಯೇ ಇದೆ, ಎದುರಾಳಿ ಮನುಷ್ಯನಾಗಿರುವ ತನಕ. ಚೆಸ್ಸಿಗೆ ಕೌಶಲ ಬೇಕು, ನಿಜ. ಆ ಕೌಶಲ ಯಾರದ್ದು? ಇಂಜಿನ್ ಹಚ್ಚಿಕೊಂಡವನಿಗೆ ಅದು ಕೌಶಲದ ಆಟವೂ ಅಲ್ಲ, ಅದೃಷ್ಟದ ಆಟವೂ ಅಲ್ಲ. ಫಲಿತಾಂಶ ಮೊದಲೇ ಗೊತ್ತು. ಎದುರಿನವನಿಗೆ ಅದು ಆಟವೇ ಅಲ್ಲ. ಕೇರಂ, ರಮ್ಮಿಗಳಿಗಿಂತ ಚೆಸ್ ಹೆಚ್ಚು ಕೌಶಲದ್ದು ಎಂಬ ಕಾರಣಕ್ಕೇ ಯಂತ್ರ ಅದನ್ನು ಪೂರ್ತಿಯಾಗಿ ಗೆದ್ದುಕೊಂಡಿದೆ. ಅದೃಷ್ಟ ಬೆರೆತ ಆಟದಲ್ಲಿ ಇಂಜಿನ್ ಇದ್ದವನೂ ಒಮ್ಮೊಮ್ಮೆ ಸೋಲುತ್ತಾನೆ, ಚೆಸ್ಸಿನಲ್ಲಿ ಆ ಕರುಣೆಯೂ ಇಲ್ಲ. ಹಣ ಕಟ್ಟಿ ಆಡಲು ಕೋರ್ಟಿನ ಕಣ್ಣಿಗೆ ಅತ್ಯಂತ ಸುರಕ್ಷಿತವಾಗಿ ಕಂಡ ಆಟವೇ ಫೋನಿನಲ್ಲಿ ಅತ್ಯಂತ ಸುಲಭವಾಗಿ ದೋಚಬಹುದಾದ ಆಟವಾಯಿತು.

2023ರ ಅಕ್ಟೋಬರಿನಿಂದ ಇಂಥ ಆಟಗಳಿಗೆ ಕಟ್ಟಿದ ಪೂರ್ತಿ ಹಣದ ಮೇಲೆ ಶೇಕಡ 28ರ ಜಿಎಸ್‌ಟಿ ಬಿತ್ತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಳೆಯ ಗೆರೆಯನ್ನೇ ಅಳಿಸಿತು: ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಹಣ ಗೆಲ್ಲುವ ಆಟ ನಡೆಸಿದರೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ಆಡಿದವರಿಗೆ ಶಿಕ್ಷೆಯಿಲ್ಲ. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೆ ಹೋದ ಅರ್ಜಿ ಸೆಪ್ಟೆಂಬರಿನಲ್ಲಿ ಬೇರೆ ರಾಜ್ಯಗಳ ಅರ್ಜಿಗಳೊಡನೆ ಸುಪ್ರೀಂ ಕೋರ್ಟಿಗೆ ವರ್ಗವಾಯಿತು. ನವೆಂಬರಿನಲ್ಲಿ ಜಾರಿ ನಿರ್ದೇಶನಾಲಯದ ಬೆಂಗಳೂರು ವಲಯ ವಿನ್ಜೋ ಎಂಬ ಆನ್‌ಲೈನ್ ಆಟದ ಕಂಪನಿಯ ಮೇಲೆ ಹೊರಿಸಿದ ಆರೋಪ ಈ ಚರಿತ್ರೆಗೆ ಹೊಸ ತಿರುವು: ಗ್ರಾಹಕರಿಗೆ ತಿಳಿಸದೆ ಅವರನ್ನು ಮನುಷ್ಯರ ಬದಲು ಸಾಫ್ಟ್‌ವೇರ್ ಎದುರು ಆಡಿಸಲಾಯಿತು ಎಂದು. ಅದು ತನಿಖಾ ಸಂಸ್ಥೆಯ ಆರೋಪ, ತೀರ್ಪಲ್ಲ. ಆದರೆ ಮೂವತ್ತು ವರ್ಷ ಆಟಗಾರನ ಟೊಪ್ಪಿಗೆಯಲ್ಲಿ ಹುಡುಕುತ್ತಿದ್ದ ಯಂತ್ರವನ್ನು ಈಗ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆಯೂ ಹುಡುಕುತ್ತಿದ್ದಾರೆ.

ಹೊಸ ಕಾಯ್ದೆ ಇ–ಸ್ಪೋರ್ಟ್ಸ್‌ಗೆ ಬಾಗಿಲು ತೆರೆದೇ ಇಟ್ಟಿದೆ. ಅಲ್ಲಿ ಪಣ ಕಟ್ಟುವಂತಿಲ್ಲ, ಆದರೆ ನೋಂದಣಿ ಶುಲ್ಕ ತೆಗೆದುಕೊಳ್ಳಬಹುದು, ಆಟಕ್ಕೆ ತಕ್ಕ ಬಹುಮಾನ ಕೊಡಬಹುದು. ಬಹುಮಾನದ ಚೆಸ್ ಉಳಿಯಲು ಇರುವ ದಾರಿ ಅದೇ, ಹಾಗಾಗಿ ಕಳ್ಳಾಟವೂ ಅದೇ ದಾರಿಯಲ್ಲಿ ಬರುತ್ತದೆ. ದೊಡ್ಡ ಆನ್‌ಲೈನ್ ಟೂರ್ನಿಗಳು ಈಗ ಕೇಳುವುದು ಮುಖದ ಮುಂದೊಂದು ಕ್ಯಾಮೆರಾ, ಪರದೆ ಮತ್ತು ಕೈಗಳು ಕಾಣುವಂತೆ ಪಕ್ಕದಲ್ಲಿ ಇನ್ನೊಂದು ಕ್ಯಾಮೆರಾ, ಪರದೆಯ ನೇರ ಪ್ರಸಾರ, ಕರೆಂಟು ಹೋದರೂ ಕಡಿಯದ ಇಂಟರ್‌ನೆಟ್ಟು. ನಾಗನೂರದ ಹುಡುಗಿಯೊಬ್ಬಳು ತಾನೇ ಆಡುತ್ತಿದ್ದೇನೆಂದು ತೋರಿಸಲು ಇಷ್ಟನ್ನೆಲ್ಲ ಹೊಂದಿಸಬೇಕು. ಇಲ್ಲದಿದ್ದರೆ ಸಾಂಗಲಿ ಬಸ್ಸು ಇದ್ದೇ ಇದೆ.