ಪಾದರಕ್ಷೆಯ ಮನೆತನಗಳು

ಸಾಗರದಿಂದ ಹೊರಟು ಹೊಸನಗರದ ಮಾರ್ಗವಾಗಿ ತೀರ್ಥಹಳ್ಳಿಗೆ ಪಯಣಿಸುವವನಿಗೆ ಕೆಳದಿಯರಸರ ನೆಲೆಗಳೆಲ್ಲವೂ ದೊರೆಯುವುವು. ಕೆಳದಿ ಇಕ್ಕೇರಿಗಳು ಸಾಗರದ ಸೀಮೆಯವು, ಬಿದನೂರು ಹೊಸನಗರದ್ದು, ಕವಲೇದುರ್ಗ ತೀರ್ಥಹಳ್ಳಿಯದು. ಈ ಅರಸರ ವಂಶವನ್ನು ಲಿಂಗಣ್ಣ ಕವಿಯು ‘ಕೆಳದಿನೃಪವಿಜಯ’ದಲ್ಲಿ ವರ್ಣಿಸಿದನು. ಅವರ ಪಾದರಕ್ಷೆಗಳನ್ನು ಹೊಲಿದ ಮನೆತನಗಳಿಗೆ ಅಂತಹ ಕವಿ ದೊರೆಯಲಿಲ್ಲ.

ಆದರೆ ಆ ಅರಸರು ಅವಲಂಬಿಸಿದ ವೀರಶೈವ ಮತವೇ ಒಬ್ಬ ಸಮಗಾರನನ್ನು ಮರೆಯದೆ ಉಳಿಸಿಕೊಂಡಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನೂ ಅವನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿ ಅರ್ಪಿಸಿದರೆಂದೂ, ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲಿರಿಸಿಕೊಂಡರೆಂದೂ ಐತಿಹ್ಯವಿದೆ. ಗಂಡಹೆಂಡಿರು ಕೂಡಿ ಮಾಡಿದ ಕೆಲಸವೆಂಬುದನ್ನು ಇಲ್ಲಿ ಗಮನಿಸಬೇಕು.

ಇಂದಿಗೂ ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ ಕ್ರಮ ಇದೇ. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಜಾಲಿಯ ತೊಗಟೆ ಅಳಲೆಕಾಯಿಗಳಿಂದ ಹದಮಾಡುವರು. ಗಂಡಸರು ಅಟ್ಟೆಯನ್ನು ಕತ್ತರಿಸಿದರೆ ಹೆಂಗಸರು ಹೆಣಿಗೆಯನ್ನು ಹೆಣೆಯುವರು. ಮೊಳೆಯ ಹಂಗಿಲ್ಲ, ಚರ್ಮದ ದಾರದಿಂದಲೇ ಹೊಲಿಗೆ. ಮನೆಯೇ ಕಾರ್ಖಾನೆ, ಸಂಸಾರವೇ ಕಂಪೆನಿ. ಆದರೂ ಸರಕಿಗೆ ನಿಂತ ಹೆಸರು ಕೊಲ್ಲಾಪುರದ್ದು. ದುಡಿದ ಊರೊಂದು, ಹೆಸರು ಪಡೆದ ಪೇಟೆಯೊಂದು!

ಯೂರೋಪಿನಲ್ಲಿ ಹೀಗಾಗಲಿಲ್ಲ. ಮೊರೇವಿಯದ ಝ್ಲೀನ್ ಎಂಬಲ್ಲಿ, ತಲೆಮಾರುಗಳಿಂದ ಜೋಡು ಹೊಲಿಯುತ್ತಿದ್ದ ಮನೆಯ ತೋಮಾಷ್ ಬಾಟ ಎಂಬವನು 1894ರಲ್ಲಿ ತನ್ನ ಅಣ್ಣ ಮತ್ತು ಅಕ್ಕನೊಡನೆ ಕಂಪೆನಿಯನ್ನು ಸ್ಥಾಪಿಸಿದನು. ಅದು 1931ರಲ್ಲಿ ಇಂಡಿಯಕ್ಕೂ ಬಂದಿತು. ಸಮಗಾರರ ಮನೆತನದ ಹೆಸರೇ ನಮ್ಮ ಪೇಟೆಬೀದಿಗಳ ಹಲಗೆಗಳನ್ನೇರಿತು. ನಮ್ಮಲ್ಲಿಯಾದರೋ ಹೊಲಿದವನ ಕುಲವನ್ನು ವಿಚಾರಿಸಿದರೇ ಹೊರತು ಹೆಸರನ್ನು ಕೇಳಲಿಲ್ಲ. ಕೊರತೆ ಕೌಶಲದ್ದಲ್ಲ, ಮನ್ನಣೆಯದು.

ಈ ಕೊರತೆಯನ್ನು ನೀಗುವ ಯತ್ನಗಳೂ ನಡೆದಿವೆ. ಕರ್ನಾಟಕ ಸರ್ಕಾರವು 1976ರಲ್ಲಿ ಲಿಡ್ಕರ್ ನಿಗಮವನ್ನು ಸ್ಥಾಪಿಸಿತು. ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದುವು. 2025ರ ಜೂನ್ ತಿಂಗಳಿನಲ್ಲಿ ಇಟಲಿಯ ಪ್ರಾಡ ಕಂಪೆನಿಯು ಇಂತಹುದೇ ಚಪ್ಪಲಿಯನ್ನು ಮೂಲವನ್ನು ಹೇಳದೆ ಪ್ರದರ್ಶಿಸಿತು. ಆಕ್ಷೇಪಣೆಗಳೆದ್ದ ಬಳಿಕ ಭಾರತೀಯ ಕುಶಲಕರ್ಮಿಗಳ ಋಣವನ್ನು ಒಪ್ಪಿಕೊಂಡಿತು. 1913ರಲ್ಲಿ ಮಿಲಾನಿನಲ್ಲಿ ತೊಗಲಿನ ಸಾಮಾನುಗಳ ಅಂಗಡಿಯಾಗಿ ಆರಂಭವಾದ ಅದೂ ಒಂದು ಮನೆತನದ ಸಂಸ್ಥೆಯೇ ಎಂಬುದು ವಿಶೇಷ.

ಋಣವನ್ನು ಬಾಯಲ್ಲಿ ಒಪ್ಪುವುದು ಮೊದಲ ಹೆಜ್ಜೆ. ಮಲೆನಾಡಿನ ಕಲ್ಲುಮುಳ್ಳುಗಳಲ್ಲಿ ನಡೆಯುವ ನಮಗೆ ಪಾದರಕ್ಷೆಯ ಬೆಲೆ ತಿಳಿದಿದೆ. ಅದನ್ನು ಹೊಲಿದ ಕೈಯ ಬೆಲೆಯನ್ನು ತಿಳಿಯುವುದು ಬಾಕಿ. ಮೆಟ್ಟನ್ನು ತಲೆಯ ಮೇಲಿರಿಸಿಕೊಳ್ಳಬೇಕಾಗಿಲ್ಲ; ಮಾಡಿದವನನ್ನು ನಮ್ಮ ಸಮಕ್ಕೆ ಕುಳ್ಳಿರಿಸಿಕೊಂಡರೆ ಸಾಕು.